ರೋಮಿನ ಪಟೇಲಿಕೆ

ಹುಣಸೂರಿನ ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದ ಸುಬ್ಬರಾಯ ಮೇಷ್ಟ್ರು ರೋಮಿನ ಚಕ್ರವರ್ತಿಗಳನ್ನು ಪಿರಿಯಾಪಟ್ಟಣದ ತಮ್ಮ ದಾಯಾದಿಗಳನ್ನು ಬೈಯುವ ಹಾಗೆ ಬೈಯುತ್ತಿದ್ದರು. ಒಂದು ಕೊಲೆಗೆ ಒಂದು ಚಿಟಿಕೆ ನಶ್ಯ. ಕಾನ್‌ಸ್ಟಂಟೈನನ ಮನೆತನದ ಪಾಠ ಬಂತೆಂದರೆ ಡಬ್ಬಿ ಖಾಲಿಯಾಗುತ್ತಿತ್ತು.

“ಅಷ್ಟು ದೊಡ್ಡ ರಾಜ್ಯದ ಒಡೆಯ ಕಣ್ರೋ, ಮನೇಲಿ ಮಾತ್ರ ಹಿತ್ತಾಳೆ ಕಿವಿ! ಕಿರೀ ಹೆಂಡ್ತಿ ಫೌಸ್ತಾ ಚಾಡಿ ಹೇಳಿದ್ಲಂತೆ, ಈತ ಮೊದಲನೆಯವಳ ಮಗ ಕ್ರಿಸ್ಪಸ್‌ನ ಕೊಲ್ಲಿಸೇಬಿಟ್ಟ. ಚಿನ್ನದಂಥ ಹುಡುಗ. ಅವನಿಗೆ ಒಂದು ಮಾತು ಮೊದಲೇ ತಿಳಿಸೋರು ಗತಿಯಿಲ್ಲ!” ಹೇಳುತ್ತಾ ಮೇಷ್ಟ್ರ ಕಣ್ಣಲ್ಲಿ ನೀರು. ನಶ್ಯದ್ದೋ ಕ್ರಿಸ್ಪಸ್ಸಿನದೋ ನಮಗೆ ತಿಳಿಯುತ್ತಿರಲಿಲ್ಲ.

ನಮ್ಮಪ್ಪ ಹನಗೋಡಿನ ಹತ್ತಿರದ ಒಂದು ಊರಿನ ಪಟೇಲ. ನಾನು ಅವನ ಎರಡನೆಯ ಹೆಂಡತಿಯ ಮಗ. ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತು ವರ್ಷ. ಪಟೇಲಿಕೆ ಹಿರಿಯವನಿಗೆ, ಅಂದರೆ ಮೊದಲನೆಯವಳ ಮಗ ಜವರಣ್ಣನಿಗೆ ಸಲ್ಲಬೇಕು. ಅವನಿಗೆ ಅಕ್ಷರ ಬರದು. ನಾನಾದರೋ ಲೋವರ್ ಸೆಕೆಂಡರಿ ಪಾಸು, ಎರಡನೇ ಸಲಕ್ಕೆ. ಸೂತಕದಲ್ಲೇ ಕೂತು ಅಮಲ್ದಾರರಿಗೆ ಅರ್ಜಿ ಬರೆದೆ. ಅಣ್ಣ ‘ನಿರಕ್ಷರಕುಕ್ಷಿ, ಕೋಪಿಷ್ಠ’ ಎಂದೆ. ಅವನಿಗೆ ಕೋಪ ಬಂದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆ ಪದದ ಗತ್ತು ನೋಡಿ ಸೇರಿಸಿದೆ.

ತಿದ್ದಿಸಲು ಮೇಷ್ಟ್ರ ಹತ್ತಿರ ಒಯ್ದೆ. ಸುತ್ತಿನ ಊರುಗಳ ಅರ್ಜಿಯೆಲ್ಲ ಅವರ ಕೈಯಲ್ಲೇ ಆಗುತ್ತಿತ್ತು. “ನನ್ನ ಗತಿ ಕ್ರಿಸ್ಪಸ್‌ನದೇ ಸಾರ್, ಯೋಗ್ಯತೆ ಇದ್ದೂ ಅನ್ಯಾಯ” ಎಂದೆ.

“ಕ್ರಿಸ್ಪಸ್ ನಿಮ್ಮಣ್ಣ ಕಣೋ, ದಡ್ಡಮುಂಡೇದೆ! ನೀನು ಫೌಸ್ತಾ!”

ಕಾಗದವನ್ನು ಅಲ್ಲೇ ಬಿಟ್ಟು ಸಿಟ್ಟಿನಿಂದ ಎದ್ದು ಬಂದೆ.

ಹನ್ನೊಂದನೆಯ ದಿನ ಸೋದರಮಾವ ಅಣ್ಣನಿಗೆ ಪೇಟ ಕಟ್ಟಿದ. ಅಣ್ಣ ಅದನ್ನು ತೆಗೆದು ನನ್ನ ತಲೆಗಿಟ್ಟ. “ಪಟೇಲ್ಕೆ ನೀನೇ ಮಾಡ್ಲಾ. ಒಪ್ಪಿಗೆ ಅಂತ ಮೇಷ್ಟ್ರ ತಾವ ಬರ್ಸಿ ಎಬ್ಬೆಟ್ಟು ಒತ್ತಿವ್ನಿ.” ಪೇಟ ಕಿವಿಯವರೆಗೂ ಇಳಿಯಿತು. ನನ್ನ ಅರ್ಹತೆ ಕೊನೆಗೂ ಇವರ ಕಣ್ಣಿಗೆ ಬಿತ್ತಲ್ಲ ಎಂದುಕೊಂಡೆ! ಎರಡು ವರ್ಷ ಊರಲ್ಲಿ ಮೀಸೆ ತಿರುವಿಕೊಂಡು ಓಡಾಡಿದೆ.

ಮೇಷ್ಟ್ರು ನಿವೃತ್ತರಾಗಿ ಪಿರಿಯಾಪಟ್ಟಣಕ್ಕೆ ಹೊರಟ ದಿನ ಬಸ್ಸು ಹತ್ತಿಸಲು ಹೋದೆ. ಟ್ರಂಕನ್ನು ಮೇಲೇರಿಸಿ, ಮೆಲ್ಲಗೆ, “ಆ ಹಳೇ ಅರ್ಜಿ ವಿಷಯ ಅಣ್ಣನಿಗೆ ಗೊತ್ತಾಗೋದು ಬೇಡ ಸಾರ್” ಎಂದೆ.

ಮೇಷ್ಟ್ರು ನನ್ನನ್ನೇ ನೋಡಿದರು. “ನಾನೇ ಓದಿ ಹೇಳಿದೆ ಕಣೋ. ಪಟೇಲಿಕೆ ತನಗೇ ಆಗಬೇಕು ಅಂತ ಬರೆಸೋಕೆ ನಿಮ್ಮಣ್ಣ ಬಂದಿದ್ದ. ಆ ಕ್ರಿಸ್ಪಸ್‌ಗಂತೂ ಯಾರೂ ಹೇಳಲಿಲ್ಲ, ಇವನಿಗಾದರೂ ಮೊದಲೇ ತಿಳಿಸೋಣ ಅಂತ ನಿನ್ನ ಕಾಗದ ಪೂರ್ತಿ ಓದಿದೆ.”

“ಏನಂದ?”

“ಕಾಗದ ಇಸ್ಕೊಂಡು ನಿನ್ನ ಅಕ್ಷರದ ಮೇಲೆ ಬೆರಳಾಡಿಸಿದ. ಆಮೇಲೆ, ‘ಎಷ್ಟು ಚೆಂದಾಗಿ ಬರ್ದವ್ನೆ ನೋಡಿ ಸಾಮಿ, ಅವ್ನೇ ಆಗ್ಲಿ ಬುಡಿ’ ಅಂದ.”

ಬಸ್ಸು ಹೊರಟಿತು. ಮೇಷ್ಟ್ರನ್ನು ನಾನು ಮತ್ತೆ ನೋಡಲಿಲ್ಲ. ಅಣ್ಣನ ಮುಖವನ್ನು ಮಾತ್ರ ದಿನಾ ನೋಡಬೇಕಾಗಿತ್ತು.