ಸಿಂಡೆಲ್‌ಫಿಂಗೆನ್ನಿನಲ್ಲಿ ಹೊಡೆಗೆ ಬಂದ ಜೋಳ

ವಿಜಯಪುರದ ಕಡೆಯ ಎರೆಹೊಲದ ಒಡೆಯ ನಾನು. ಗಡಿಯಲ್ಲಿ ಬಂದೂಕು ಹಿಡಿದವನು, ಆಮೇಲೆ ಜಿಲ್ಲಾ ಪಂಚಾಯಿತಿಯಲ್ಲಿ ಕೂತು ಕೈ ಎತ್ತಿದವನು. ಅಂಥವನ ಮುಂದೆ ಬಿಳಿಕೂದಲ ಹೆಣ್ಣುಮಗಳೊಬ್ಬರು ಅಳತೆಕೋಲು ಹಿಡಿದು ನಿಂತು, ನಿಮ್ಮ ಜೋಳ ಎತ್ತರವಾಯಿತು, ಕಡಿಯಿರಿ ಅಂದರು. ಜರ್ಮನಿ ನನಗೆ ನಿಜವಾಗಿ ಪರದೇಶ ಅನ್ನಿಸಿದ್ದು ಆ ದಿನ.

ಬಂದ ಹೊಸದರಲ್ಲಿ ಸಿಂಡೆಲ್‌ಫಿಂಗೆನ್ನಿನ ಮಗಳ ಮನೆಯಲ್ಲಿ ಕಿಟಕಿ ಕಾಯುತ್ತ ಕೂತಿರುತ್ತಿದ್ದೆ. ಮಗಳು ಸಾವಿತ್ರಿ ಕಾರು ಕಾರ್ಖಾನೆಗೆ, ಮೊಮ್ಮಗಳು ಶಾಲೆಗೆ. ಮೊಮ್ಮಗಳನ್ನು ಕನ್ನಡದಲ್ಲಿ ಏನೇ ಕೇಳಿದರೂ ಜರ್ಮನ್‌ನಲ್ಲಿ ಉತ್ತರ. ಮಾತಿಗೆ ಜನವಿಲ್ಲದೆ ತಲೆ ಕೆಟ್ಟುಹೋಗಿತ್ತು. ಅದನ್ನು ನೋಡಲಾರದೆ ಮಗಳು ನನ್ನ ಹೆಸರಿನಲ್ಲಿ ಶ್ರೇಬರ್‌ಗಾರ್ಟನ್ ಹಿಡಿದುಕೊಟ್ಟಳು. ಊರಾಚೆ ಸಂಘದವರು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವ ತೋಟದ ತುಣುಕು ಅದು. ನಮ್ಮಲ್ಲಿ ಅಷ್ಟು ಜಾಗದಲ್ಲಿ ಎತ್ತಿನ ಗಾಡಿ ತಿರುಗಿಸಲೂ ಆಗದು. ಆದರೂ ಮಣ್ಣು ಮುಟ್ಟಿದ ದಿನ ಹೊಟ್ಟೆ ತುಂಬ ಉಂಡೆ. ಊರಿಂದ ತಂದ ಜೋಳವನ್ನು ಅಂಚಿಗುಂಟ ಬಿತ್ತಿದೆ.

ಅಂಚಿನಲ್ಲಿ ಎದೆಮಟ್ಟಕ್ಕಿಂತ ಎತ್ತರ ಏನೂ ಬೆಳೆಯುವಂತಿಲ್ಲವಂತೆ. ಕಡಿಯದಿದ್ದರೆ ತೋಟ ವಾಪಸ್ ಎಂದು ಆ ಅಳತೆಕೋಲಿನವರು, ಸಂಘದ ಅಧ್ಯಕ್ಷೆ ಫ್ರೌ ಕೆಲ್ಲರ್, ಖಡಾಖಂಡಿತ ಹೇಳಿದರು. ಸಾವಿತ್ರಿ ಅಂಗಲಾಚಿದಳು.

"ಅಪ್ಪಾ, ಇಲ್ಲೆ ರೂಲ್ ಅಂದ್ರ ರೂಲ್. ಸುಮ್ಮ ಕೊಯ್ದ ಬಿಡ್ರಿ."

ನಾನು ಜಪ್ಪಯ್ಯ ಅನ್ನಲಿಲ್ಲ. ತೋಟ ಹೋದರೆ ಮತ್ತೆ ಆ ಕಿಟಕಿಯೇ ಗತಿ ಎಂದು ಗೊತ್ತಿತ್ತು. ಆದರೂ ಸಂಘದ ಸಭೆಯಲ್ಲಿ ಎದ್ದು ನಿಂತೆ. ನಾನು ಹೇಳಿದ್ದನ್ನು ಮಗಳು ಜರ್ಮನ್‌ಗೆ ತಿರುಗಿಸಿದಳು.

"ಕಾಯ್ದೆ ಮುರ್ಯಾಂವಲ್ಲ ನಾ, ಕಾಯ್ದೆ ಮಾಡಿದಾಂವ. ಖರೆ, ಜ್ವಾಳ ಹೊಡಿಗಿ ಬಂದೈತಿ, ಬಸುರಿ ಇದ್ದಾಂಗ. ನಮ್ಮೂರಾಗ ಎಳ್ಳ ಅಮಾಸಿ ದಿನ ಹೊಲಕ್ಕ ಅಡಿಗಿ ಒಯ್ದು, ಚರಗ ಚೆಲ್ಲಿ ಇದಕ್ಕ ಉಣಸ್ತೀವಿ. ಹೊಟ್ಯಾಗ ತೆನಿ ಇದ್ದದ್ದನ್ನ ನಾ ಕಡ್ಯಾಂವಲ್ಲ. ಕಡೀಬೇಕಂದ್ರ ನಿಮ್ಮ ಕೈಲೆ ಕಡೀರಿ."

ಕಡಿಯುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ. ಸುಗ್ಗಿಯವರೆಗೆ ಬಿಡೋಣ ಅನ್ನುವವರು ಕೈ ಎತ್ತಿರಿ ಎಂದು ಫ್ರೌ ಕೆಲ್ಲರ್ ಕೇಳಿದರು. ಒಂದೊಂದಾಗಿ ಕೈಗಳು ಎದ್ದವು. ಈ ದೇಶದಲ್ಲಿ ನನಗೆಲ್ಲಿಯ ಮತ ಎಂದು ನಾನು ಸುಮ್ಮನೆ ನಿಂತಿದ್ದೆ. ನೀವೂ ಸದಸ್ಯರಲ್ಲವೇ ಎಂದು ಅವರೇ ಕೇಳಿದರು. ಎತ್ತಿದೆ. ಜೋಳ ಉಳಿಯಿತು.

ಈಗ ಆ ಸಂಘದ ಕಮಿಟಿಯಲ್ಲಿ ನಾನೂ ಒಬ್ಬ. ಊರಲ್ಲಿ ಹೊಲ ನನ್ನದು, ಏನು ಬಿತ್ತಬೇಕೆಂದು ಅದನ್ನು ಉಳುವ ತಮ್ಮ ನನ್ನನ್ನು ಕೇಳುವುದಿಲ್ಲ. ಇಲ್ಲಿ ಗೇಣು ನೆಲವೂ ನನ್ನದಲ್ಲ, ಆದರೆ ನನ್ನ ಕೈ ಲೆಕ್ಕಕ್ಕಿದೆ.

ಆ ಸಲ ಚಳಿಗೆ ತೆನೆ ಬಹಳಷ್ಟು ಜೊಳ್ಳಾಗಿ ಬೊಗಸೆ ಕಾಳಷ್ಟೇ ಸಿಕ್ಕಿತು. ಅರ್ಧ ಮುಂದಿನ ಬಿತ್ತನೆಗೆ ಇಟ್ಟೆ. ಇನ್ನರ್ಧವನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸಿ, ನನ್ನ ಹೊಲದಲ್ಲೇ ಬಿತ್ತಬೇಕು ಎಂದು ತಮ್ಮನಿಗೆ ತಾಕೀತು ಮಾಡಿದೆ. ಅವನು ಫೋನಿನಲ್ಲಿ ನಕ್ಕ.

"ಅಣ್ಣಾ, ಅಲ್ಲಿ ಬೆಳದದ್ದು ನಮ್ಮ ಎರಿ ಗುರ್ತ ಹಿಡೀತೈತೇನು?"

ಹಿಡಿಯದೆ ಎಲ್ಲಿಗೆ ಹೋಗುತ್ತದೆ, ಬಿತ್ತು ಅಂದೆ. ಅಂದೆ ನಿಜ, ಉತ್ತರ ನನಗೂ ಗೊತ್ತಿಲ್ಲ.