ನೋಂದಣಿ ಅಕ್ಕ

ಅವರ ಎರಡೂ ಮೊಣಕೈಗಳ ಚರ್ಮ ಕಪ್ಪಗೆ ದಪ್ಪಗಟ್ಟಿ, ಹುಣಸೆ ತೊಗಟೆಯ ಹಾಗೆ ಬಿರಿದಿತ್ತು. ಯಾರ ಮನೆಗೆ ಹೋದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಬೋರಲು ಮಲಗಿ, ಮೊಣಕೈ ಊರಿ ತೆವಳುತ್ತಿದ್ದರು. ಹನಗೋಡಿನ ನಮ್ಮ ಮನೆಯಲ್ಲೂ ಹಾಗೇ ಮಾಡಿದಾಗ ನಮ್ಮತ್ತೆ ಬೆಚ್ಚಿ, “ಇದ್ಯಾರವ್ವ ಇವ್ಳು, ಮೈಮ್ಯಾಲೆ ದ್ಯಾವ್ರು ಬಂದದಾ?” ಎಂದರು.

“ಕೂಸು ನೋಡೋ ಎತ್ತರದಿಂದ ನೋಡ್ತಿವ್ನಿ ಕಣವ್ವ,” ಎಂದು ಮಂಚದಡಿಯಿಂದಲೇ ಉತ್ತರ ಬಂತು. ಹಿಂದೆಯೇ ಇಲಿಪಾಷಾಣದ ಪೊಟ್ಟಣವೂ ಹೊರಬಂತು.

ಕೂಲಿಗೆ ಹೋಗುವವರ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ನಮ್ಮಂಥ ಹೆಂಗಸರಿಗೆ ಪರವಾನಗಿ ಕೊಡಿಸಿ, ಅದನ್ನೊಂದು ಕಸುಬಾಗಿ ನಿಲ್ಲಿಸುವುದು ಅವರ ಕೆಲಸ. ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ತಾಲ್ಲೂಕು ಎಲ್ಲ ಕಡೆಯೂ ಹಳೆಯ ಸ್ಕೂಟಿಯಲ್ಲಿ ತಿರುಗುತ್ತಿದ್ದರು. ನೋಂದಣಿ ಅಕ್ಕ ಎಂದೇ ಕರೆಯುತ್ತಿದ್ದೆವು. ಸೇರು ಅವರೆಕಾಯಿಗೆ ನಾನು ತಿಂಗಳೆಲ್ಲ ಕೂಸು ನೋಡುತ್ತೇನೆಂದು ತಿಳಿದು, “ಕರೆಂಟ್ ಬಿಲ್ಲಿಗೂ ಅವರೆಕಾಯೇ ಸುಲ್ಕೊಡ್ತೀರಾ?” ಎಂದು ಕೇಳಿದ್ದರು. ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿಸಿದವರು ಅವರೇ. ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸಿದವರೂ ಅವರೇ. ಗಂಡ ತೀರಿಕೊಂಡ ಮೇಲೆ ನನಗಿದ್ದ ದಾರಿ ಅದೊಂದೇ.

ಪರವಾನಗಿ ಕೊಡುವ ಮುಂಚಿನ ತಪಾಸಣೆಯ ದಿನ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಏಳುವುದಿಲ್ಲ. ಆರು ಮಕ್ಕಳೂ ಬೆಳಗಿನಿಂದ ಹಟ. ಮನೆ ನೋಡಲು ಬರುವ ಸಾಹೇಬರ ಮುಂದೆ ರಂಪ ಮಾಡಿದರೆ ಪರವಾನಗಿ ಕೈತಪ್ಪುತ್ತದೆಂದು ಹೆದರಿ, ಎಲ್ಲಕ್ಕೂ ಶೀತದ ಸಿರಪ್ಪು ಕುಡಿಸಿ ಮಲಗಿಸಿದೆ. ಅಕ್ಕ ಮೊದಲೇ ಬಂದರು. ಹೊಸಿಲಲ್ಲೇ ನಿಂತರು.

“ಮಕ್ಳೆಲ್ಲಿ?”

“ಮಲಗವೆ ಅಕ್ಕ. ಎಂಗೆ ಸುಮ್ಕವೆ ನೋಡಿ.”

“ಆರೂ ಒಟ್ಗೇನಾ? ಹತ್ತು ಗಂಟ್ಗೆ? ಏನ್ ಕೊಟ್ರಿ?”

ನಾನು ಗೂಡಿನಲ್ಲಿದ್ದ ಸಿರಪ್ಪಿನ ಸೀಸೆಯತ್ತ ನೋಡಿದೆ. ಅಕ್ಕ ಒಳಗೆ ನುಗ್ಗಿ ಒಂದೊಂದರ ಅಂಗಾಲು ಚಿವುಟಿದರು. ಐದು ಮುಲುಗಿದವು. ಹೊಗೆಸೊಪ್ಪು ಮುರಿಯಲು ಹೋಗಿದ್ದ ಪಕ್ಕದ ಮನೆಯವಳ ಒಂಬತ್ತು ತಿಂಗಳ ಹೆಣ್ಣುಕೂಸು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. “ಸಾರ್, ಮಕ್ಳಿಗೆ ಔಸ್ದಿ ಕುಡಿಸವ್ರೆ. ಇಳೀಬೇಡಿ, ಆಸ್ಪತ್ರೆಗೆ ತಿರುಗ್ಸಿ!” ಎಂದು ಅಕ್ಕ ಕೂಗಿದರು. ನನ್ನ ಮನೆ ನೋಡಲು ಬಂದ ಜೀಪಿನಲ್ಲೇ ಆರು ಮಕ್ಕಳೂ ಹುಣಸೂರಿಗೆ ಹೋದವು.

ಆ ಕೂಸು ಕಣ್ಣು ಬಿಟ್ಟದ್ದು ಮರುದಿನ. ಅದರ ತಾಯಿ ಹೊಗೆಸೊಪ್ಪಿನ ಅಂಟು ಮೆತ್ತಿದ್ದ ಕೈಯಲ್ಲೇ ನನ್ನ ರಟ್ಟೆ ಹಿಡಿದು, “ನಿನ್ ಮಡ್ಲಿಗೆ ಆಕಿದ್ದೆ ಕಣೆ ಕೂಸ್ನ, ಗುಂಡಿಗಲ್ಲ,” ಎಂದಳು.

ಅರ್ಜಿ ತಿರಸ್ಕಾರವಾಯಿತು. “ಕೊಡಬೇಡಿ ಅಂತ ನಾನೇ ಬರ್ಕೊಟ್ಟೆ,” ಎಂದು ಅಕ್ಕ ನನ್ನೆದುರೇ ಹೇಳಿದರು. ಮಣ್ಣು ತೂರಿ ಶಪಿಸಿದೆ. ಒಂದು ವರ್ಷ ಹೊಗೆಸೊಪ್ಪು ವಿಂಗಡಿಸಲು ಹೋದೆ. ಮತ್ತೆ ಅವರೇ ಬಂದರು.

“ಆ ತಾಯಿ ತಾವ ಓಗ್ಬನ್ನಿ. ಅವ್ಳು ಬ್ಯಾಡ ಅಂದ್ರೆ ನಾನು ಈ ಮನೆ ಮೆಟ್ಲು ಅತ್ತಕಿಲ್ಲ.”

ಎರಡು ಸಲ ಅವಳು ಬಾಗಿಲು ಹಾಕಿಕೊಂಡಳು. ಮೂರನೆಯ ಸಲ, “ನನ್ ಕೂಸ್ನ ಕೊಡಕಿಲ್ಲ. ಬ್ಯಾರೆಯೋರ್ದ ನೋಡ್ಕೊ, ಓಗು,” ಎಂದಳು. ಈಗಲೂ ಕೊಟ್ಟಿಲ್ಲ. ಆ ಮಾತಿನ ಮೇಲೆಯೇ ಅಕ್ಕ ಹೊಸ ಅರ್ಜಿ ತುಂಬಿಸಿದರು. ಪರವಾನಗಿ ಬಂತು.

ಕಳೆದ ಆಷಾಢದಲ್ಲಿ ಅಕ್ಕ ಹೊಟ್ಟೆಯ ಗಡ್ಡೆಯಿಂದ ಹೋದರು. ಹಾರನಹಳ್ಳಿಯ ತವರಿನಲ್ಲಿ ಮಧ್ಯಾಹ್ನವೇ ದೇಹ ಎತ್ತುತ್ತಾರೆಂದು ಬೆಳಿಗ್ಗೆ ಫೋನು ಬಂದಾಗ ಐದು ತಾಯಂದಿರು ಮಕ್ಕಳನ್ನು ಬಿಟ್ಟು ಹೊಲ ಸೇರಿಯಾಗಿತ್ತು. “ನಾನ್ ನೋಡ್ಕತೀನಿ, ಓಗ್ಬಾ,” ಎಂದರು ಅತ್ತೆ. ಅವರಿಗೆ ಕಣ್ಣು ಮಂಜು. ನಾನು ಆಗ ಹೊರಡಲಿಲ್ಲ. ಕೊನೆಯ ಮಗುವನ್ನು ತಾಯಿ ಎತ್ತಿಕೊಂಡು ಹೋದ ಮೇಲೆ ಬಸ್ಸು ಹತ್ತಿದೆ.

ನಾನು ತಲುಪಿದಾಗ ಚಿತೆ ಕುಸಿದು ಕೆಂಡವಾಗಿತ್ತು. ಕೆ.ಆರ್. ನಗರ, ಪಿರಿಯಾಪಟ್ಟಣದ ಕಡೆಯ, ನನ್ನಂತೆಯೇ ಕೂಸು ನೋಡುವ ಏಳೆಂಟು ಹೆಂಗಸರು ಆಗತಾನೇ ಬಂದು ನಿಂತಿದ್ದರು. ಒಬ್ಬಳ ಹೆಗಲ ಮೇಲೆ ಕೂಸು ಕಕ್ಕಿದ ಹಾಲು ಇನ್ನೂ ಒಣಗಿರಲಿಲ್ಲ.

ಅಕ್ಕನ ತಮ್ಮ ನಮ್ಮನ್ನು ನೋಡಿ, “ನಿಮ್ಗೋಸ್ಕರ ಜೀವ ತೇದ್ಲು. ಮಕ ನೋಡಕೂ ಒಬ್ರೂ ಒತ್ತಿಗೆ ಬರ್ಲಿಲ್ವಲ್ರವ್ವಾ,” ಎಂದ.

ನಾವು ಕೆಂಡಕ್ಕೆ ಕೈಮುಗಿದೆವು. ಮರುದಿನ ಬೆಳಿಗ್ಗೆ ಎಂಟಕ್ಕೆ ಮಕ್ಕಳಿಗೆ ಬಾಗಿಲು ತೆಗೆಯಬೇಕಿತ್ತು. ಇದ್ದ ಬಸ್ಸಿಗೆ ಹಿಂದಿರುಗಿದೆವು.