ಲೋಕಾಪುರದಲ್ಲಿ ಚಹಾ ಕುಡಿಸಿದವರು

ದೆವ್ವ, ಭೂತ, ಕಣ್ಕಟ್ಟು ಇಂಥವನ್ನು ನಾನು ನಂಬುವವನಲ್ಲ. ಮನುಷ್ಯರನ್ನೇ ಸುಲಭಕ್ಕೆ ನಂಬದವನು ದೆವ್ವವನ್ನು ಹೇಗೆ ನಂಬಲಿ? ಹಾಲು ಕಂಡರೆ ಮೊದಲು ಅದರಲ್ಲಿ ನೀರೆಷ್ಟು ಎಂದು ನೋಡುವ ಸ್ವಭಾವ ನನ್ನದು ಎಂದು ಹೆಂಡತಿ ಹಂಗಿಸುತ್ತಾಳೆ. ಯಾರಾದರೂ ಇಂಥ ಅನುಭವ ಹೇಳಲು ಬಂದರೆ, "ಹಿಂದಿನ ದಿನ ಊಟಕ್ಕೆ ಏನಿತ್ತು?" ಎಂದು ಕೇಳಿ ನಗುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಕ್ಕರೂ ನನ್ನ ಅಭ್ಯಂತರವಿಲ್ಲ.

ಜಮಖಂಡಿಯ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿಗೆ ಹೊಸದಾಗಿ ಬರುವ ಅಧ್ಯಾಪಕರಿಗೆ ಒಬ್ಬ ಹಿರಿಯರನ್ನು ಜೊತೆ ಮಾಡುವ ಪದ್ಧತಿಯಿದೆ. ಬಾಡಿಗೆ ಮನೆ ಹುಡುಕಿಕೊಡುವುದು, ಪಾಠ ಹೇಗೆ ನಡೆದಿದೆ ಎಂದು ವಿಚಾರಿಸುವುದು, ಊರಿನ ರೀತಿ ರಿವಾಜು ತಿಳಿಸುವುದು ಆ ಹಿರಿಯರ ಕೆಲಸ. ಕೆಲವು ವರ್ಷಗಳ ಹಿಂದೆ ಚಾಮರಾಜನಗರದ ಕಡೆಯಿಂದ ರೂಪಾ ಎಂಬ ತರುಣ ಅಧ್ಯಾಪಕಿ ಬಂದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನಾನೂ ಚಿತ್ರದುರ್ಗದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವನು, ಅದಕ್ಕೇ ಇರಬೇಕು.

ಹತ್ತಿರದ ಬನಹಟ್ಟಿಯ ನೇಕಾರರ ಓಣಿಯಲ್ಲಿ ಅವರಿಗೊಂದು ಕೋಣೆ ಸಿಕ್ಕಿತು. ಪಕ್ಕದ ಮನೆಯ ಪವರ್‌ಲೂಮಿನ ಖಟಖಟ ಸದ್ದಿಗೆ ನಿದ್ದೆಯಿಲ್ಲದೆ ಎರಡನೆಯ ವಾರಕ್ಕೇ ಅವರ ಕಣ್ಣು ಕೆಂಪಾಗಿದ್ದವು. ಅದಕ್ಕಿಂತ ದೊಡ್ಡ ಪೆಟ್ಟು ತರಗತಿಯಲ್ಲಿ ಬಿತ್ತು. ಒಬ್ಬ ಹುಡುಗ ಎದ್ದು ನಿಂತು, "ಮೇಡಮ್ಮರ, ನೀವು ಹೇಳೂದು ಒಂದೂ ತಿಳಿವಲ್ದ್ರಿ" ಎಂದುಬಿಟ್ಟನಂತೆ. ಉಳಿದವರೂ ಹೌದೌದೆಂದರಂತೆ. ರೂಪಾ ಅದನ್ನು ಅವಮಾನವೆಂದೇ ತಿಳಿದರು. ಆ ಶನಿವಾರ ಯಾರೊಡನೆಯೂ ಮಾತಾಡದೆ ಕೋಣೆಗೆ ಹೊರಟುಹೋದರು. ಕೆಲಸ ಬಿಡುವ ಲಕ್ಷಣ ಕಾಣುತ್ತಿದೆ, ಸೋಮವಾರ ಕೂರಿಸಿಕೊಂಡು ಸಮಾಧಾನ ಹೇಳೋಣ ಎಂದುಕೊಂಡೆ. ಭಾನುವಾರ ಹೆಂಡತಿಯ ತವರು ಹುನ್ನೂರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಬೆಳಗಿನಿಂದ ಸಂಜೆಯವರೆಗೆ ನಾನು ಅಲ್ಲಿಯೇ, ನೆಂಟರ ನಡುವೆ ಇದ್ದೆ.

ಸೋಮವಾರ ರೂಪಾ ನಗುತ್ತ ಬಂದರು. "ತುಂಬಾ ಥ್ಯಾಂಕ್ಸ್ ಸಾರ್. ನಿನ್ನೆ ನೀವು ಲೋಕಾಪುರದಲ್ಲಿ ಸಿಗದೇ ಇದ್ದಿದ್ರೆ ಇಷ್ಟೊತ್ತಿಗೆ ನಾನು ಊರಲ್ಲಿರ್ತಿದ್ದೆ" ಎಂದರು.

"ನಿನ್ನೆ? ನಾನಾ?"

"ಇನ್ಯಾರು ಸಾರ್?"

ಅವರು ಹೇಳಿದ್ದಿಷ್ಟು. ಗಂಟುಮೂಟೆ ಕಟ್ಟಿಕೊಂಡು ಹೊರಟು, ಮಧ್ಯಾಹ್ನ ಲೋಕಾಪುರದಲ್ಲಿ ಇಳಿದು ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ನಾನು ಎದುರಿಗೆ ಬಂದೆನಂತೆ. ಚಹಾ ಕುಡಿಸಿ, ಬಹಳ ಹೊತ್ತು ಮಾತಾಡಿ, ಜಮಖಂಡಿ ಬಸ್ಸಿಗೆ ಹತ್ತಿಸಿದೆನಂತೆ. "ನೀವು ಬರಲ್ವಾ ಅಂದ್ರೆ, ನಾನು ಇಲ್ಲೇ ಇರ್ತೀನಿ ಅಂದ್ರಲ್ಲ ಸಾರ್" ಎಂದರು.

ಸಂಶಯ ಸುಮ್ಮನಿರುತ್ತದೆಯೇ? ಹೊಸಬರು ಹಿರಿಯರಿಗೆ ಬೆಣ್ಣೆ ಹಚ್ಚುವುದುಂಟು, ಆದರೆ ಹೀಗೂ ಹಚ್ಚುತ್ತಾರೆಯೇ? ಅಥವಾ ನನ್ನನ್ನು ಕಂಡರಾಗದ ಯಾರೋ ಸಹೋದ್ಯೋಗಿ ಇವರಿಗೆ ಹೇಳಿಕೊಟ್ಟು ಚೇಷ್ಟೆ ಮಾಡಿಸುತ್ತಿದ್ದಾನೆಯೇ? ನಾನು ಇನ್ನೇನು ಹೇಳಿದೆ ಎಂದು ಪೊಲೀಸರ ಹಾಗೆ ಕೆದಕಿದೆ.

"ತಿಳಿವಲ್ದು ಅಂತ ಇಲ್ಲಿನ ಹುಡುಗರು ಬಾಯಿಬಿಟ್ಟು ಹೇಳಿದ್ರೆ ನಿಮ್ಮನ್ನ ತಮ್ಮವರು ಅಂದ್ಕೊಂಡಿದಾರೆ ಅಂತ ಅರ್ಥ, ಬೇಡವಾದ ಮೇಷ್ಟ್ರಿಗೆ ಸುಮ್ನೆ ಹೂಂ ರೀ ಅಂತಾರೆ, ಅಂದ್ರಿ."

ಸೋಮವಾರ ಹೇಳಬೇಕೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತೇ ಅದು. ಆದರೂ ಇಲ್ಲಿ ನಾಲ್ಕು ವರ್ಷ ಕಲಿಸಿದ ಯಾರಾದರೂ ಹೇಳಬಹುದಾದ ಮಾತು ಎಂದು ತಳ್ಳಿಹಾಕಿದೆ. ಆಗ ಅವರು ದನಿ ತಗ್ಗಿಸಿ, "ನಿಮ್ಮ ಹಾಸಿಗೆ ವಿಷಯ ಯಾರಿಗೂ ಹೇಳಲ್ಲ ಸಾರ್" ಎಂದರು.

ಅದೇನೆಂದು ನಿಮಗೆ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಯಾರಿಗೂ ಹೇಳದೆ ಊರಿಗೆ ಓಡಿಹೋಗಲು ಲೋಕಾಪುರದವರೆಗೆ ಹೋಗಿದ್ದೆ. ಹಾಸಿಗೆಯ ಸುರುಳಿಯನ್ನು ಹುಬ್ಬಳ್ಳಿ ಬಸ್ಸಿನ ಮೇಲೆ ಹಾಕಿಸಿ ಒಳಗೆ ಕೂತವನು, ಬಸ್ಸು ಹೊರಡುವ ಹೊತ್ತಿಗೆ ಇಳಿದುಬಿಟ್ಟೆ. ಹಾಸಿಗೆ ಹೋಯಿತು, ನಾನು ಉಳಿದೆ. ಕೋಣೆಯಿಂದ ಕಳುವಾಯಿತೆಂದು ಎಲ್ಲರಿಗೂ ಹೇಳಿದೆ. ಮದುವೆಯಾದ ಮೇಲೆ ಹೆಂಡತಿಗೂ ಅದೇ ಕಥೆ. ನಿಜ ಬಲ್ಲವನು ನಾನೊಬ್ಬನೇ.

ಮನೆಗೆ ಹೋಗಿ ಹೆಂಡತಿಯನ್ನು ಸುತ್ತು ಬಳಸಿ ವಿಚಾರಿಸಿದೆ. "ಆ ಕಳುವಾದ ಹಾಸಿಗಿ ಚಿಂತಿ ಈಗ್ಯಾಕ ಬಂತ್ರಿ? ಕದ್ದಾಂವ ಇಷ್ಟೊತ್ತಿಗೆ ಮುದುಕ ಆಗಿರ್ತಾನ" ಎಂದು ನಕ್ಕಳು. ಅವಳ ಮುಖವನ್ನೂ ಅನುಮಾನದಿಂದ ನೋಡಿದೆ. ಪಾಪ, ಅವಳಿಗೇನೂ ಗೊತ್ತಿರಲಿಲ್ಲ. ಮರುದಿನ ಲೋಕಾಪುರಕ್ಕೇ ಹೋಗಿ ಬಸ್ ನಿಲ್ದಾಣದ ಚಹಾದಂಗಡಿಯವನನ್ನು ಕೇಳಿದೆ. "ದಿನಾ ಎಷ್ಟೋ ಮಂದಿ ಬರ್ತಾರ ಹೋಗ್ತಾರ್ರಿ ಸರ. ಯಾರ ಮಾರಿ ಅಂತ ನೆನಪಿಡೂದು?" ಎಂದ. ಕಡೆಗೆ ನನ್ನ ತಲೆಯ ಮೇಲೇ ಸಂಶಯ ಬಂತು. ಆದರೆ ಹುನ್ನೂರಿನ ಫೋಟೋಗಳೆಲ್ಲ ಫೋನಿನಲ್ಲಿದ್ದವು. ಭಾನುವಾರ ಮಧ್ಯಾಹ್ನ ತೆಗೆದದ್ದರಲ್ಲಿ ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ.

ಅದನ್ನು ರೂಪಾ ಅವರಿಗೆ ತೋರಿಸಿಯೇಬಿಡೋಣವೆಂದು ಅವರ ತರಗತಿಯ ಬಾಗಿಲಿಗೆ ಹೋದೆ. ಒಳಗೆ ಅವರು, "ತಿಳೀತೇನ್ರಪಾ?" ಎಂದು ಕೇಳುತ್ತಿದ್ದರು. "ಇಲ್ರಿ ಮೇಡಮ್ಮರ!" ಎಂದು ಇಡೀ ತರಗತಿ ಕೂಗಿತು. ಅವರು ಮನಸಾರೆ ನಕ್ಕು, ಹಲಗೆ ಒರೆಸಿ, ಮತ್ತೆ ಮೊದಲಿನಿಂದ ಶುರುಮಾಡಿದರು. ನಾನು ಫೋನನ್ನು ಜೇಬಿಗೆ ಹಾಕಿಕೊಂಡು ಹಿಂದಿರುಗಿದೆ. ನಿಮಗೆ ಸಿಕ್ಕವನು ನಾನಲ್ಲ ಎಂದರೆ ಆಕೆ ಅಂದೇ ಸಂಜೆಯ ಬಸ್ಸು ಹತ್ತುತ್ತಿದ್ದರೋ ಏನೋ. ಹೇಳುವ ಧೈರ್ಯ ಆಮೇಲೂ ಬರಲಿಲ್ಲ.

ಈಗ ಅವರು ಇಲ್ಲಿ ಬೇರೂರಿದ್ದಾರೆ. ಮಗ್ಗದ ಸದ್ದು ನಿಂತರೇ ಎಚ್ಚರವಾಗುತ್ತದೆ ಎನ್ನುತ್ತಾರೆ. ಹೊಸಬರು ಬಂದಾಗ ನನ್ನತ್ತ ಕೈ ತೋರಿಸಿ, "ನನ್ನನ್ನು ಈ ಊರಲ್ಲಿ ನಿಲ್ಲಿಸಿದವರು ಇವರೇ" ಎಂದು ಹೇಳುತ್ತಾರೆ. ನಾನು ಕಳ್ಳನ ಹಾಗೆ ತಲೆಯಾಡಿಸುತ್ತೇನೆ. ನನಗೆ ವಹಿಸಿದ ಕೆಲಸವನ್ನು ಮಾಡಿ ಮುಗಿಸಿದವನು ಯಾರು, ನನ್ನ ಗುಟ್ಟು ಅವನಿಗೆ ಹೇಗೆ ತಿಳಿಯಿತು, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಅವನ ಮೇಲೆ ಸಿಟ್ಟೂ ಬರುತ್ತದೆ, ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ.

ಮೊನ್ನೆ ರೂಪಾ ಕೇಳಿದರು: "ಅವತ್ತು ಒಂದು ಮಾತು ಅರ್ಧಕ್ಕೇ ಬಿಟ್ರಿ ಸಾರ್. ಅಷ್ಟೆಲ್ಲಾ ಕಟ್ಕೊಂಡು ಹೊರಟವರು, ನೀವ್ಯಾಕೆ ಬಸ್ಸಿಂದ ಇಳಿದ್ರಿ?"

ಯಾಕೆ ಇಳಿದೆನೆಂದು ಇಂದಿಗೂ ನನಗೆ ಗೊತ್ತಿಲ್ಲ. ಲೋಕಾಪುರದಲ್ಲಿ ಸಿಕ್ಕವನು ಅದನ್ನು ಹೇಳಲು ಶುರುಮಾಡಿದ್ದನಂತೆ. ಅಷ್ಟರಲ್ಲಿ ಜಮಖಂಡಿಯ ಬಸ್ಸು ಬಂತಂತೆ.